ಚಿತ್ರ ಬಂತು, ವಿಂಡೋಸ್ ಬರಲಿಲ್ಲ

ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಕೈಕೊಟ್ಟಾಗ ಫೋನಿನಲ್ಲಿ ಕೇಳಿಬರುವುದು ಒಂದೇ ದೂರು: 'ಆನ್ ಆಗ್ತಿಲ್ಲ.' ಒಂದು ಮನೆಯಲ್ಲಿ ಈ ಮಾತಿಗೆ ಗುಂಡಿ ಒತ್ತಿದರೂ ಫ್ಯಾನ್ ಅಲ್ಲಾಡುತ್ತಿಲ್ಲ ಎಂದರ್ಥ. ಇನ್ನೊಂದು ಮನೆಯಲ್ಲಿ ಫ್ಯಾನ್ ಗಿರಗಿರ ತಿರುಗುತ್ತದೆ, ಬಣ್ಣದ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ, ಪರದೆ ಮಾತ್ರ ಕಪ್ಪು. ಮತ್ತೊಂದು ಕಡೆ ಮದರ್‌ಬೋರ್ಡ್ ತಯಾರಕರ ಲಾಂಛನ ಮೂಡಿ ಅಲ್ಲಿಗೇ ನಿಂತಿದೆ. ಮಗದೊಂದು ಕಡೆ ವಿಂಡೋಸಿನ ನೀಲಿ ಚೌಕ ಬಂದು, ಅದರ ಕೆಳಗೆ ಚುಕ್ಕಿಗಳು ಸುತ್ತಿ ಸುತ್ತಿ, ಇಡೀ ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಆದರೆ ಅಂಗಡಿಯಲ್ಲಿ, ಆಫೀಸಿನಲ್ಲಿ, ಪಕ್ಕದ ಮನೆಯಲ್ಲಿ ಸಿಗುವ ಸಲಹೆ ಒಂದೇ: 'ಫಾರ್ಮ್ಯಾಟ್ ಹೊಡೆದುಬಿಡಿ.'

ಮೇಲಿನ ನಾಲ್ಕರಲ್ಲಿ ಫಾರ್ಮ್ಯಾಟಿನಿಂದ ವಾಸಿಯಾಗುವುದು ಹೆಚ್ಚೆಂದರೆ ಒಂದು, ಅದೂ ಅದೃಷ್ಟವಿದ್ದರೆ. ಉಳಿದ ಮೂರರಲ್ಲಿ ನಿಮ್ಮ ಸಮಯ ಹಾಳು, ಕೆಲವೊಮ್ಮೆ ಫೋಟೊಗಳೂ ಹಾಳು.

ಈಗ ಈ ಮಾತಿಗೆ ಸಂದರ್ಭವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಸೆಕ್ಯೂರ್ ಬೂಟ್ ಸೌಲಭ್ಯ ಇರಬೇಕು, ಪ್ರೊಸೆಸರ್ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರಬೇಕು. ಚೆನ್ನಾಗಿಯೇ ಓಡುತ್ತಿದ್ದ ಹಳೆಯ ಯಂತ್ರಗಳು ಈ ಪರೀಕ್ಷೆಯಲ್ಲಿ ಫೇಲಾದವು. ಹೀಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೋರ್ಡು, ಪ್ರೊಸೆಸರು, ರ‍್ಯಾಮು, ಎಸ್‌ಎಂಪಿಎಸ್ಸು ಎಂದು ಬಿಡಿಬಿಡಿಯಾಗಿ ಕೊಂಡು ತಂದು ಮನೆಯ ಊಟದ ಮೇಜಿನ ಮೇಲೆ ಜೋಡಿಸುವವರಿದ್ದಾರೆ. ಜೋಡಿಸುವುದು ಈಗ ಕಷ್ಟದ ಕೆಲಸವೇನಲ್ಲ. ಒಂದು ಸ್ಕ್ರೂಡ್ರೈವರ್ ಇದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಕಷ್ಟ ಶುರುವಾಗುವುದು ಗುಂಡಿ ಒತ್ತಿದ ಮೇಲೆ.

ಗುಂಡಿ ಒತ್ತಿದ ಕ್ಷಣದಿಂದ ಡೆಸ್ಕ್‌ಟಾಪ್ ಕಾಣುವವರೆಗೆ ನಡೆಯುವುದು ದೇವರ ಪಲ್ಲಕ್ಕಿ ಹೆಗಲಿಂದ ಹೆಗಲಿಗೆ ಹೋಗುವಂಥ ಕೆಲಸ. ಕರೆಂಟ್ ಪೂರೈಸುವ ಎಸ್‌ಎಂಪಿಎಸ್ 'ವಿದ್ಯುತ್ ಸರಿಯಾಗಿದೆ' ಎಂದು ಬೋರ್ಡಿಗೆ ಸಂಜ್ಞೆ ಕೊಡುತ್ತದೆ. ಪ್ರೊಸೆಸರ್ ಎಚ್ಚರವಾಗಿ ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪಿನಲ್ಲಿರುವ ತಂತ್ರಾಂಶವನ್ನು ಓದುತ್ತದೆ. ಆ ತಂತ್ರಾಂಶ ರ‍್ಯಾಮ್, ಗ್ರಾಫಿಕ್ಸ್, ಡಿಸ್ಕುಗಳನ್ನೆಲ್ಲ ತಪಾಸಣೆ ಮಾಡಿ, ಯಾವ ಡಿಸ್ಕಿನಿಂದ ಶುರು ಮಾಡಬೇಕೆಂದು ತನ್ನ ಪಟ್ಟಿ ನೋಡುತ್ತದೆ. ಆ ಡಿಸ್ಕಿನ ಮೂಲೆಯಲ್ಲಿರುವ ಬೂಟ್ ಮ್ಯಾನೇಜರ್ ಎಂಬ ಸಣ್ಣ ಕಾರ್ಯಕ್ರಮವನ್ನು ಎಬ್ಬಿಸುತ್ತದೆ. ಅದು ವಿಂಡೋಸಿನ ಲೋಡರನ್ನು, ಲೋಡರ್ ವಿಂಡೋಸಿನ ಕರ್ನಲನ್ನು, ಕರ್ನಲ್ ಡ್ರೈವರುಗಳನ್ನು ಎಬ್ಬಿಸುತ್ತಾ ಹೋಗುತ್ತವೆ. ಎಲ್ಲಿ ನಿಂತಿತು ಎಂದು ಗೊತ್ತಾದರೆ, ಅದಕ್ಕಿಂತ ಹಿಂದಿನದೆಲ್ಲ ಹೆಚ್ಚುಕಡಿಮೆ ಸರಿಯಿದೆ ಎಂದಾಯಿತು. ಅಷ್ಟು ಜಾಗದಲ್ಲಿ ಹುಡುಕುವ ಕೆಲಸ ಉಳಿಯಿತು. ಬೋರ್ಡಿನ ಲಾಂಛನವೇ ಬಾರದ ಯಂತ್ರಕ್ಕೆ ವಿಂಡೋಸ್ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ. ವಿಂಡೋಸಿನ ಸರದಿಯೇ ಇನ್ನೂ ಬಂದಿಲ್ಲ.

ಚಿತ್ರವೇ ಬಾರದ ಹಂತವನ್ನು ಬೇಗ ಮುಗಿಸೋಣ, ಏಕೆಂದರೆ ಅಲ್ಲಿ ಕಾರಣಗಳು ಬಹುಪಾಲು ಕಣ್ಣಿಗೆ ಕಾಣುವಂಥವು. ಬೋರ್ಡಿನ ಬಲ ಅಂಚಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರನ್ನು ಯಾರೂ ಮರೆಯುವುದಿಲ್ಲ. ಎಡಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನದನ್ನು ಮರೆಯುತ್ತಾರೆ. ಫ್ಯಾನ್ ತಿರುಗುತ್ತದೆ, ದೀಪ ಹೊಳೆಯುತ್ತದೆ, ಪ್ರೊಸೆಸರಿಗೆ ಮಾತ್ರ ಉಪವಾಸ. ಗ್ರಾಫಿಕ್ಸ್ ಕಾರ್ಡ್ ಇದ್ದೂ ಮಾನಿಟರಿನ ಕೇಬಲನ್ನು ಬೋರ್ಡಿನ ಕಿಂಡಿಗೆ ಸಿಕ್ಕಿಸುವುದು ಇನ್ನೊಂದು. ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಆ ಕಿಂಡಿಯಿಂದ ಏನೂ ಬರುವುದಿಲ್ಲ. ಎರಡು ರ‍್ಯಾಮ್ ಪಟ್ಟಿ, ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದಕ್ಕೆ ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಒಂದೇ ಕಡೆ ಕೊಂಡಿ ಇರುವ ಸ್ಲಾಟುಗಳಲ್ಲಿ ಆ ಕಡೆ 'ಟಕ್' ಎಂದಿತೆಂದು ಸಮಾಧಾನಪಟ್ಟುಕೊಂಡರೆ, ಕೊಂಡಿಯಿಲ್ಲದ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಬಗ್ಗಿ ಪಕ್ಕದಿಂದ ನೋಡಬೇಕು. ಚಿನ್ನದ ಬಣ್ಣದ ಗೆರೆ ಒಂದು ತುದಿಯಲ್ಲಿ ಕಾಣುತ್ತಿದ್ದರೆ ಅದು ಕೂತಿಲ್ಲ.

ಈಗಿನ ಹೆಚ್ಚಿನ ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ತಪಾಸಣೆ ಎಲ್ಲಿ ನಿಂತಿತೋ ಆ ದೀಪ ಉಳಿಯುತ್ತದೆ. ಬೀಪ್ ಸದ್ದು ಎಣಿಸಿ ಪುಸ್ತಕ ತಿರುವುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಉಪಕಾರ. ಆದರೂ ಅದನ್ನು ನೋಡದೆ ಎಲ್ಲವನ್ನೂ ಬಿಚ್ಚುವವರೇ ಜಾಸ್ತಿ.

ಇಲ್ಲೊಂದು ತಾಳ್ಮೆಯ ವಿಷಯ ಇದೆ. ಡಿಡಿಆರ್5 ರ‍್ಯಾಮ್ ಹಾಕಿದ ಹೊಸ ಯಂತ್ರ, ಅದರಲ್ಲೂ 2022ರಲ್ಲಿ ಬಂದ ಎಎಂಡಿಯ ಎಎಂ5 ಬೋರ್ಡು, ಮೊದಲ ಸಲ ಶುರುವಾದಾಗ ಪ್ರತಿಯೊಂದು ರ‍್ಯಾಮ್ ಪಟ್ಟಿಯೊಂದಿಗೆ ಯಾವ ಹದದಲ್ಲಿ ಮಾತಾಡಬೇಕೆಂದು ಅಳೆದು ನೋಡಿಕೊಳ್ಳುತ್ತದೆ. ಅದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು. ರ‍್ಯಾಮ್ ಹೆಚ್ಚಿದ್ದಷ್ಟೂ ಹೊತ್ತು ಹೆಚ್ಚು. ಅಷ್ಟು ಹೊತ್ತೂ ಪರದೆ ಕಪ್ಪು, ಡಿರ‍್ಯಾಮ್ ದೀಪ ಹಳದಿ. ಅರ್ಧ ನಿಮಿಷ ನೋಡಿ ಗಾಬರಿಯಾಗಿ ಗುಂಡಿ ಒತ್ತಿ ಆರಿಸಿದರೆ ಅಳತೆ ಮತ್ತೆ ಮೊದಲಿನಿಂದ. ಸುಮ್ಮನೆ ಹೋಗಿ ಒಂದು ಕಾಫಿ ಕುಡಿದು ಬನ್ನಿ ಎನ್ನುವುದೇ ಇಲ್ಲಿ ತಾಂತ್ರಿಕ ಸಲಹೆ.

ಚಿತ್ರ ಬಂತು. ಡಿಲೀಟ್ ಕೀಲಿಯನ್ನೋ ಎಫ್2 ಅನ್ನೋ ಒತ್ತಿದರೆ ಬೋರ್ಡಿನ ಸೆಟಪ್ ಪುಟ ತೆರೆಯುತ್ತದೆ. ಎಲ್ಲರೂ ಇದನ್ನು ಈಗಲೂ ಬಯೋಸ್ ಎಂದೇ ಕರೆಯುತ್ತಾರೆ. ಪಿಸಿ ಲೋಕದಲ್ಲಿ ಆ ಹೆಸರು ರೂಢಿಗೆ ಬಂದದ್ದು 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯಿಂದ. ಆಗಿನ ವ್ಯವಸ್ಥೆ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನ 512 ಬೈಟುಗಳನ್ನು ಕಣ್ಣುಮುಚ್ಚಿ ಓದಿ ಅದರಲ್ಲಿದ್ದ ಕೋಡಿಗೆ ಯಜಮಾನಿಕೆ ಒಪ್ಪಿಸುತ್ತಿತ್ತು. ನಂತರ ಬಂದ ಎಂಬಿಆರ್ ಪದ್ಧತಿ ಆ 512ರಲ್ಲೇ 446 ಬೈಟ್ ಕೋಡು, 64 ಬೈಟಿನಲ್ಲಿ ನಾಲ್ಕು ವಿಭಾಗಗಳ ವಿಳಾಸ, ಕೊನೆಯ 2 ಬೈಟ್ ಸಹಿ ಎಂದು ಹಂಚಿಕೊಂಡಿತು. ಆ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆ ಬರೆಯಲು 32 ಬಿಟ್ ಮಾತ್ರ ಇದ್ದುದರಿಂದ ಸುಮಾರು 2 ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ಅಳೆಯಲಾರದು.

ಈಗ ಬೋರ್ಡುಗಳಲ್ಲಿರುವುದು ಯುಇಎಫ್‌ಐ. ಇಂಟೆಲ್ ತನ್ನ ಇಟಾನಿಯಂ ಪ್ರೊಸೆಸರಿಗೆಂದು ಶುರುಮಾಡಿದ ಕೆಲಸ, 2005ರ ಹೊತ್ತಿಗೆ ಹಲವು ಕಂಪನಿಗಳ ಕೂಟದ ಕೈಗೆ ಬಂತು. ಇದು ಮೊದಲ ಸೆಕ್ಟರಿನಲ್ಲಿರುವ ಕೋಡನ್ನು ಓಡಿಸುವುದಿಲ್ಲ. ಡಿಸ್ಕಿನಲ್ಲಿ ಇಎಫ್‌ಐ ಸಿಸ್ಟಂ ವಿಭಾಗ ಎಂಬ ಪುಟ್ಟ ಜಾಗ ಹುಡುಕುತ್ತದೆ. ವಿಂಡೋಸ್ ತಾನೇ ಮಾಡಿಕೊಂಡರೆ ಅದು ಸಾಮಾನ್ಯವಾಗಿ 100 ಎಂಬಿ, ಫ್ಯಾಟ್32 ರೀತಿಯದು. ಅದರೊಳಗಿನ ಬೂಟ್ ಕಡತವನ್ನು ಹೆಸರು ಹಿಡಿದು ಕರೆಯುತ್ತದೆ. ಆ ಹೆಸರು ಮತ್ತು ವಿಳಾಸವನ್ನು ಬೋರ್ಡು ತನ್ನ ನೆನಪಿನಲ್ಲೂ ಬರೆದಿಟ್ಟುಕೊಳ್ಳುತ್ತದೆ. ಸೆಟಪ್ ಪುಟದ ಬೂಟ್ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಎಂದು ಕಾಣುವುದು ಇದೇ. ಅಂದರೆ ಡಿಸ್ಕಿನ ಹೆಸರು ಒಂದು ಕಡೆ ಕಾಣುವುದು, ಬೂಟ್ ಪಟ್ಟಿಯಲ್ಲಿ ವಿಂಡೋಸ್ ಕಾಣುವುದು, ಎರಡೂ ಬೇರೆ ಬೇರೆ. ಅರ್ಧಕ್ಕರ್ಧ ಗೊಂದಲ ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದ.

ಮೊದಲು ಡಿಸ್ಕೇ ಕಾಣದಿದ್ದರೆ? ಚ್ಯೂಯಿಂಗ್ ಗಮ್ ಪಟ್ಟಿಯಷ್ಟಿರುವ ಎಂ.2 ಎಸ್‌ಎಸ್‌ಡಿಯ ಮೇಲೆ 2280 ಎಂದು ಬರೆದಿರುತ್ತದೆ. 22 ಮಿಲಿಮೀಟರ್ ಅಗಲ, 80 ಉದ್ದ. ಅದನ್ನು ಸ್ಲಾಟಿಗೆ ಓರೆಯಾಗಿ ತೂರಿಸಿದಾಗ ಇನ್ನೊಂದು ತುದಿ ತಾನೇ ಮೇಲೆದ್ದು ನಿಲ್ಲಬೇಕು, ಒತ್ತಿ ಹಿಡಿದು ಸಾಸಿವೆಕಾಳಿನಷ್ಟು ಪುಟ್ಟ ಸ್ಕ್ರೂ ಹಾಕಬೇಕು. ಆ ಸ್ಕ್ರೂ ನೆಲಕ್ಕೆ ಬಿದ್ದರೆ ಸಿಗುವುದಿಲ್ಲ, ಮೊದಲೇ ಒಂದು ತಟ್ಟೆ ಇಟ್ಟುಕೊಳ್ಳಿ. ಎಂ.2 ಎಂಬುದು ಆಕಾರದ ಹೆಸರಷ್ಟೇ. ಅದೇ ಆಕಾರದಲ್ಲಿ ಎನ್‌ವಿಎಂಇ ಎಂಬ ವೇಗದ್ದೂ ಇದೆ, ಸಾಟಾ ಎಂಬ ಹಳೆಯ ದಾರಿಯದ್ದೂ ಇದೆ. ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಅದು ಸಾಟಾ ಆಗಿರುವ ಸಂಭವ ಹೆಚ್ಚು. ಎನ್‌ವಿಎಂಇಗೆ ಮಾತ್ರ ಇರುವ ಸ್ಲಾಟಿನಲ್ಲಿ ಅದು ಚೆನ್ನಾಗಿ ಕೂರುತ್ತದೆ, ಕಾಣುವುದು ಮಾತ್ರ ಇಲ್ಲ. ಇನ್ನು ಕೆಲವು ಬೋರ್ಡುಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಕಿಂಡಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಎರಡಕ್ಕೂ ಒಂದೇ ದಾರಿ ಇರುವುದರಿಂದ. ಇದೆಲ್ಲ ಬೋರ್ಡಿನ ಕೈಪಿಡಿಯಲ್ಲಿ ಕೋಷ್ಟಕ ಹಾಕಿ ಬರೆದಿರುತ್ತದೆ. ಓದುವವರು ಕಡಿಮೆ.

ಇನ್ನೊಂದು ವಿಚಿತ್ರ: ಬೋರ್ಡಿನ ಸೆಟಪ್ಪಿನಲ್ಲಿ ಎಸ್‌ಎಸ್‌ಡಿ ಕಾಣುತ್ತದೆ, ವಿಂಡೋಸ್ ಹಾಕಲು ಕೂತರೆ 'ಯಾವ ಡ್ರೈವೂ ಸಿಗಲಿಲ್ಲ' ಎನ್ನುತ್ತದೆ. ಇಂಟೆಲ್‌ನ 11ನೇ ತಲೆಮಾರಿನಿಂದೀಚೆಗಿನ ಕೆಲವು ಯಂತ್ರಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇದ್ದರೆ ಹೀಗಾಗುತ್ತದೆ. ವಿಂಡೋಸ್ ಸೆಟಪ್ಪಿಗೆ ಅದರ ಡ್ರೈವರ್ ಗೊತ್ತಿರುವುದಿಲ್ಲ. ಇಂಟೆಲ್‌ನ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅಲ್ಲೇ ತೋರಿಸಬೇಕು. ಇಲ್ಲವೇ, ಹಲವು ಡಿಸ್ಕುಗಳನ್ನು ಜೋಡಿಸುವ ರೇಡ್ ಎಂದೇನೂ ಬಳಸದ ಮನೆಯ ಯಂತ್ರವಾದ್ದರಿಂದ, ಬೋರ್ಡಿನ ಸೆಟಪ್ಪಿನಲ್ಲಿ ವಿಎಂಡಿಯನ್ನೇ ಆಫ್ ಮಾಡಬೇಕು. ಆಫ್ ಮಾಡುವುದಾದರೆ ವಿಂಡೋಸ್ ಹಾಕುವ ಮೊದಲೇ ಮಾಡಿ. ಹಾಕಿದ ಮೇಲೆ ಬದಲಿಸಿದರೆ ಏನಾಗುತ್ತದೆಂದು ಮುಂದೆ ಹೇಳುತ್ತೇನೆ.

ವಿಂಡೋಸ್ ಹಾಕುವ ಪೆನ್‌ಡ್ರೈವಿನದೂ ಒಂದು ಕಥೆ. ಬೂಟ್ ಮೆನು ತೆರೆಯುವ ಕೀಲಿ ತಯಾರಕರಿಗೊಂದು: ಅಸುಸ್ ಬೋರ್ಡಿಗೆ ಎಫ್8, ಎಂಎಸ್‌ಐ ಮತ್ತು ಎಎಸ್‌ರಾಕ್‌ಗೆ ಎಫ್11, ಗಿಗಾಬೈಟ್‌ಗೆ ಎಫ್12. ಹಳೆಯ ಪದ್ಧತಿಗೂ ಅವಕಾಶ ಕೊಡುವ ಸಿಎಸ್‌ಎಂ ಎಂಬ ಸೌಲಭ್ಯ ಚಾಲೂ ಇದ್ದರೆ ಆ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದಕ್ಕೆ ಮುಂದೆ ಯುಇಎಫ್‌ಐ ಎಂಬ ಪದ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಯಾವುದಾದರೇನು ಎಂದು ಎರಡನೆಯದನ್ನು ಆರಿಸಿದರೆ ವಿಂಡೋಸ್ ಹಳೆಯ ಎಂಬಿಆರ್ ದಾರಿಯಲ್ಲಿ ಹೋಗುತ್ತದೆ. ನಾಳೆ ಸೆಕ್ಯೂರ್ ಬೂಟ್ ಬೇಕೆಂದು ಸಿಎಸ್‌ಎಂ ಆಫ್ ಮಾಡಿದಿರೋ, ಆ ವಿಂಡೋಸ್ ಬೋರ್ಡಿನ ಕಣ್ಣಿಗೆ ಬೀಳುವುದಿಲ್ಲ. ಉಲ್ಟಾ ಕೂಡ ಉಂಟು. ಯುಇಎಫ್‌ಐ ದಾರಿಯಲ್ಲಿ ಬಂದು ಹಳೆಯ ಎಂಬಿಆರ್ ಡಿಸ್ಕ್ ತೋರಿಸಿದರೆ, ಹೊಸ ಪದ್ಧತಿಯ ಜಿಪಿಟಿ ಡಿಸ್ಕ್ ಆದರೆ ಮಾತ್ರ ಹಾಕುತ್ತೇನೆ ಎಂದು ವಿಂಡೋಸ್ ಸೆಟಪ್ ಹಟ ಹಿಡಿಯುತ್ತದೆ. ಆಗ ವಿಂಡೋಸಿನದೇ ಸಾಧನವಾದ ಡಿಸ್ಕ್‌ಪಾರ್ಟ್‌ನಲ್ಲಿ 'ಕ್ಲೀನ್' ಎಂದು ಕೊಟ್ಟುಬಿಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಆ ಆಜ್ಞೆ 'ಖಚಿತವೇ' ಎಂದು ಕೇಳುವುದಿಲ್ಲ. ಆ ಡಿಸ್ಕಿನ ಎಲ್ಲ ವಿಭಾಗಗಳ ಗುರುತನ್ನೂ ಒಂದೇ ಏಟಿಗೆ ಅಳಿಸುತ್ತದೆ, ಡಿಸ್ಕ್ ಸಂಖ್ಯೆ ತಪ್ಪಿದರೆ ಪಕ್ಕದ ಡಿಸ್ಕಿನದೂ ಹೋಗುತ್ತದೆ. ಈಗಾಗಲೇ ವಿಂಡೋಸ್ 10 ಇರುವ ಎಂಬಿಆರ್ ಡಿಸ್ಕಾದರೆ, ಡೇಟಾ ಉಳಿಸಿಕೊಂಡೇ ಜಿಪಿಟಿ ಮಾಡುವ ಎಂಬಿಆರ್2ಜಿಪಿಟಿ ಎಂಬ ಸಾಧನ 2017ರಿಂದ ವಿಂಡೋಸಿನೊಳಗೇ ಇದೆ. ಅದನ್ನೂ ಬ್ಯಾಕಪ್ ತೆಗೆದುಕೊಂಡೇ ಬಳಸಬೇಕು.

ಇವೆಲ್ಲಕ್ಕಿಂತ ಜನರನ್ನು ಹೆಚ್ಚು ಸತಾಯಿಸುವುದು, ನನ್ನ ಲೆಕ್ಕದಲ್ಲಿ, ಎರಡು ಡಿಸ್ಕಿನ ಸಮಸ್ಯೆ. ಹಾಸನದಲ್ಲಿರುವ ಸ್ನೇಹಿತರ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಯಲ್ಲಿ ಹೊಸ ಯಂತ್ರ ಜೋಡಿಸಿದ. ಹೊಸ ಎನ್‌ವಿಎಂಇ ಹಾಕಿದ, ಹಳೆಯ ಕಂಪ್ಯೂಟರಿನಿಂದ ಕಳಚಿದ ಹಾರ್ಡ್‌ಡಿಸ್ಕನ್ನೂ ಫೋಟೊಗಳಿವೆಯೆಂದು ಸಿಕ್ಕಿಸಿಕೊಂಡ. ಹೊಸದರಲ್ಲೇ ವಿಂಡೋಸ್ ಹಾಕಿದ. ತಿಂಗಳುಗಟ್ಟಲೆ ಚೆನ್ನಾಗಿ ಓಡಿತು. ಒಂದು ದಿನ ಹಳೆಯ ಹಾರ್ಡ್‌ಡಿಸ್ಕ್ ಕಳಚಿ ತಂಗಿಗೆ ಕೊಟ್ಟ. ಅಂದು ಸಂಜೆ ಫೋನ್ ಬಂತು.

'ಅಂಕಲ್, ಬೂಟ್ ಆಗೋ ಡಿಸ್ಕೇ ಇಲ್ಲ ಅಂತಿದೆ. ಎಸ್‌ಎಸ್‌ಡಿ ಹೋಯ್ತು ಅನ್ಸುತ್ತೆ.'

'ಸೆಟಪ್ಪಿನಲ್ಲಿ ಎಸ್‌ಎಸ್‌ಡಿ ಹೆಸರು ಕಾಣುತ್ತಾ?'

'ಕಾಣುತ್ತೆ. ಸೈಜೂ ಸರಿಯಾಗಿ ತೋರಿಸುತ್ತೆ.'

'ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಇದೆಯೇನಪ್ಪ?'

'ಇಲ್ಲ. ಖಾಲಿ.'

ಇಷ್ಟು ಸಾಕಾಯಿತು. ಯುಇಎಫ್‌ಐ ಯಂತ್ರದಲ್ಲಿ ವಿಂಡೋಸ್ ಹಾಕುವಾಗ ಇನ್ನೊಂದು ಡಿಸ್ಕಿನಲ್ಲಿ ಆಗಲೇ ಇಎಫ್‌ಐ ವಿಭಾಗ ಇದ್ದರೆ, ಸೆಟಪ್ ಅನೇಕ ಸಲ ಹೊಸದೊಂದನ್ನು ಮಾಡುವ ಗೋಜಿಗೆ ಹೋಗದೆ ಅದನ್ನೇ ಬಳಸಿಕೊಳ್ಳುತ್ತದೆ. ವಿಂಡೋಸ್ ಪೂರ್ತಿ ಹೊಸ ಎಸ್‌ಎಸ್‌ಡಿಯಲ್ಲಿ, ಅದನ್ನು ಎಬ್ಬಿಸುವ ಕಡತ ಮಾತ್ರ ಹಳೆಯ ಹಾರ್ಡ್‌ಡಿಸ್ಕಿನಲ್ಲಿ. ಹಾರ್ಡ್‌ಡಿಸ್ಕ್ ತಂಗಿಯ ಜೊತೆ ಹೋದಾಗ ಅದೂ ಹೋಯಿತು. ಎಸ್‌ಎಸ್‌ಡಿಗೆ ಏನೂ ಆಗಿರಲಿಲ್ಲ. ಹಾರ್ಡ್‌ಡಿಸ್ಕನ್ನು ಮತ್ತೆ ಸಿಕ್ಕಿಸಲು ಹೇಳಿದೆ, ವಿಂಡೋಸ್ ಏನೂ ಆಗದಂತೆ ಬಂತು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ 'ಇಎಫ್‌ಐ ಸಿಸ್ಟಂ ವಿಭಾಗ' ಎಂಬ ಚೀಟಿ ಡಿಸ್ಕ್ ಸೊನ್ನೆಯಲ್ಲಿ, ಅಂದರೆ ಹಳೆಯದರಲ್ಲಿ, ಕೂತಿತ್ತು.

ಸರಿಪಡಿಸಲು ಹತ್ತು ನಿಮಿಷ ಬೇಕು, ಫಾರ್ಮ್ಯಾಟ್ ಬೇಡ. ಎಸ್‌ಎಸ್‌ಡಿಯ ಸಿ ವಿಭಾಗವನ್ನು 300 ಎಂಬಿಯಷ್ಟು ಕುಗ್ಗಿಸಬೇಕು. ಖಾಲಿಯಾದ ಜಾಗದಲ್ಲಿ ಡಿಸ್ಕ್‌ಪಾರ್ಟ್ ಮೂಲಕ ಇಎಫ್‌ಐ ಮಾದರಿಯ ವಿಭಾಗ ಮಾಡಿ, ಅದನ್ನು ಫ್ಯಾಟ್32ಗೆ ಹದಗೊಳಿಸಿ, ತಾತ್ಕಾಲಿಕವಾಗಿ ಎಸ್ ಎಂಬ ಅಕ್ಷರ ಕೊಡಬೇಕು. ಆಮೇಲೆ ಬಿಸಿಡಿಬೂಟ್ ಎಂಬ ಆಜ್ಞೆಗೆ ವಿಂಡೋಸ್ ಇರುವ ಫೋಲ್ಡರನ್ನೂ ಈ ಎಸ್ ವಿಭಾಗವನ್ನೂ ತೋರಿಸಿ, ಯುಇಎಫ್‌ಐ ಎಂದು ಹೇಳಿದರೆ ಬೂಟ್ ಕಡತಗಳನ್ನೆಲ್ಲ ಅದು ಹೊಸದಾಗಿ ಬರೆಯುತ್ತದೆ. ಯಂತ್ರ ಆರಿಸಿ, ಹಳೆಯ ಡಿಸ್ಕ್ ಕಳಚಿ, ಶುರುಮಾಡಿ ನೋಡುವುದು. ಹಳೆಯ ಡಿಸ್ಕ್ ಕೈಯಲ್ಲಿ ಇಲ್ಲದಿದ್ದರೂ ಇದೇ ಕೆಲಸವನ್ನು ವಿಂಡೋಸ್ ಪೆನ್‌ಡ್ರೈವಿನಿಂದ ದುರಸ್ತಿ ವಿಭಾಗಕ್ಕೆ ಹೋಗಿ ಮಾಡಬಹುದು. ಒಂದೇ ಎಚ್ಚರಿಕೆ, ಅಲ್ಲಿ ಅಕ್ಷರಗಳು ಅದಲು ಬದಲಾಗಿರುತ್ತವೆ. ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು. ಮೊದಲು ಪಟ್ಟಿ ತೆಗೆದು ಯಾವುದರಲ್ಲಿ ವಿಂಡೋಸ್ ಫೋಲ್ಡರ್ ಇದೆಯೆಂದು ನೋಡಿಯೇ ಮುಂದುವರಿಯಬೇಕು. ಬೂಟ್‌ರೆಕ್ ಎಂಬ ಇನ್ನೊಂದು ಆಜ್ಞೆಯನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ. ಅದರ ಎಂಬಿಆರ್ ಸರಿಪಡಿಸುವ ಭಾಗ ಹಳೆಯ ಪದ್ಧತಿಯ ಡಿಸ್ಕಿಗೆ, ಯುಇಎಫ್‌ಐ ಯಂತ್ರದಲ್ಲಿ ಅದರಿಂದ ಪ್ರಯೋಜನವಿಲ್ಲ.

ಹೀಗಾಗಿ ನನ್ನದೊಂದು ಹಟ ಇದೆ: ವಿಂಡೋಸ್ ಹಾಕುವ ದಿನ ಯಂತ್ರದಲ್ಲಿ ಒಂದೇ ಡಿಸ್ಕ್ ಇರಬೇಕು. ಉಳಿದವುಗಳ ಕೇಬಲ್ ಕಿತ್ತಿಡಿ, ಡೆಸ್ಕ್‌ಟಾಪ್ ಬಂದ ಮೇಲೆ ಸಿಕ್ಕಿಸಿ.

ಇನ್ನು ವಿಂಡೋಸಿನ ಚುಕ್ಕಿಗಳು ಸುತ್ತಲು ಶುರುವಾದ ಮೇಲಿನ ತೊಂದರೆ. ಇಲ್ಲಿಗೆ ಬಂದಿದೆಯೆಂದರೆ ಬೂಟ್ ಕಡತ, ಪಟ್ಟಿ ಎಲ್ಲ ಸರಿಯಿದೆ. ಬೂಟ್ ಸಾಧನ ಕೈಗೆ ಸಿಗುತ್ತಿಲ್ಲ ಎಂದು ದೋಷದ ಪರದೆ ಬಂದರೆ, ಸಂಖ್ಯೆಯಲ್ಲಿ ಅದು 7ಬಿ, ಮೊದಲು ಕೇಳಿಕೊಳ್ಳಬೇಕಾದದ್ದು 'ಸೆಟಪ್ಪಿನಲ್ಲಿ ಈಚೆಗೆ ಏನಾದರೂ ಬದಲಿಸಿದೆನೇ' ಎಂದು. ಆಗಲೇ ಹೇಳಿದ ವಿಎಂಡಿ ಇಲ್ಲಿ ಮತ್ತೆ ಬರುತ್ತದೆ. ಅದು ಚಾಲೂ ಇದ್ದಾಗ ಹಾಕಿದ ವಿಂಡೋಸ್, ಅದನ್ನು ಆಫ್ ಮಾಡಿದ ಕೂಡಲೇ ತನ್ನ ಡಿಸ್ಕಿನ ದಾರಿ ಮರೆತುಬಿಡುತ್ತದೆ. ಹಿಂದಿನಂತೆ ಬದಲಿಸಿದರೆ ಮತ್ತೆ ಬರುತ್ತದೆ. ಬಯೋಸ್ ಅಪ್‌ಡೇಟ್ ಮಾಡಿದಾಗ, ಬಟನ್ ಸೆಲ್ಲು ತೆಗೆದು ಹಾಕಿದಾಗ ಇಂಥ ಆಯ್ಕೆಗಳೆಲ್ಲ ಮೂಲ ಸ್ಥಿತಿಗೆ ಹೋಗುತ್ತವೆಂಬುದು ನೆನಪಿರಲಿ. ಅದಕ್ಕೇ ಸೆಟಪ್ ಪುಟಗಳ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಪ್ರತಿ ಸಲ ಬೇರೆ ಬೇರೆ ದೋಷದ ಹೆಸರು ಹೇಳಿ ಮರುಶುರುವಾಗುತ್ತಿದ್ದರೆ ನನ್ನ ಮೊದಲ ಅನುಮಾನ ರ‍್ಯಾಮಿನ ಮೇಲೆ. 6000 ಎಂದು ಡಬ್ಬದ ಮೇಲೆ ಬರೆದ ಡಿಡಿಆರ್5 ಪಟ್ಟಿ ಹಾಕಿದ ಕೂಡಲೇ ಓಡುವುದು ಸಾಮಾನ್ಯವಾಗಿ 4800ರಲ್ಲಿ. ಇಂಟೆಲ್‌ನಲ್ಲಿ ಎಕ್ಸ್‌ಎಂಪಿ, ಎಎಂಡಿಯಲ್ಲಿ ಎಕ್ಸ್‌ಪೋ ಎಂಬ ಆಯ್ಕೆ ಚಾಲೂ ಮಾಡಿದಾಗ ಮಾತ್ರ ಡಬ್ಬದ ವೇಗ. ಅದು ಒಂದು ರೀತಿಯಲ್ಲಿ ಓವರ್‌ಕ್ಲಾಕಿಂಗ್. ಎಲ್ಲ ಪ್ರೊಸೆಸರೂ ಎಲ್ಲ ಬೋರ್ಡೂ ತಡೆದುಕೊಳ್ಳಬೇಕೆಂದಿಲ್ಲ, ನಾಲ್ಕು ಪಟ್ಟಿ ಹಾಕಿದರಂತೂ ಇನ್ನೂ ಕಷ್ಟ. ಹೊಸ ಯಂತ್ರಕ್ಕೆ ವಿಂಡೋಸ್ ಹಾಕುವಾಗ ಈ ಆಯ್ಕೆ ಮುಟ್ಟಬೇಡಿ. ಹಾಕಿ ಒಂದೆರಡು ದಿನ ಓಡಿಸಿ, ಆಮೇಲೆ ವೇಗ ನೋಡೋಣ. ಮೊದಲ ದಿನವೇ ಎಲ್ಲವನ್ನೂ ಏರಿಸಿ, ಸೆಟಪ್ ಅರ್ಧಕ್ಕೆ ನಿಂತಾಗ ಪೆನ್‌ಡ್ರೈವ್ ಕೆಟ್ಟಿದೆಯೆಂದು ಮೂರು ಪೆನ್‌ಡ್ರೈವ್ ಬದಲಿಸಿದವರಿದ್ದಾರೆ. ಅನುಮಾನ ಗಟ್ಟಿಯಾದರೆ ಮೆಮ್‌ಟೆಸ್ಟ್86 ಎಂಬ ಸಾಧನವನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಬೇಕು. ಅದರಲ್ಲಿ ಒಂದೇ ಒಂದು ದೋಷ ಕಂಡರೂ ಸುಮ್ಮನೆ ಬಿಡುವಂತಿಲ್ಲ. ಪಟ್ಟಿಗಳನ್ನು ಒಂದೊಂದೇ ಹಾಕಿ ಮತ್ತೆ ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ.

ಪ್ರೊಸೆಸರೇ ತಪ್ಪು ಮಾಡುವುದು ಅಪರೂಪ, ಆದರೆ ಆಗಿದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿಯಾದ ವೋಲ್ಟೇಜ್ ಬೇಡಿ ಕ್ರಮೇಣ ಹಾಳಾಗುತ್ತಿದ್ದುದನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಬಯೋಸ್ ಮೂಲಕ ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ತಲೆಮಾರಿನದು ನಿಮ್ಮದಾದರೆ ಬಯೋಸ್ ಅಪ್‌ಡೇಟ್ ಮೊದಲ ಕೆಲಸ.

ಆದರೆ ನಮ್ಮಲ್ಲಿ ಬಯೋಸ್ ಅಪ್‌ಡೇಟ್ ಎಂದರೆ ಕರೆಂಟಿನ ಪ್ರಶ್ನೆಯೂ ಹೌದು. ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಚಿಪ್ಪಿನಲ್ಲಿ ಅರೆಬರೆ ತಂತ್ರಾಂಶ ಉಳಿದು, ಯಂತ್ರಕ್ಕೆ ಮೊದಲ ಹೆಜ್ಜೆಯೇ ಇಲ್ಲದಂತಾಗುತ್ತದೆ. ಯುಪಿಎಸ್ ಇಲ್ಲದಿದ್ದರೆ ಮಳೆಗಾಲದ ಸಂಜೆ ಈ ಸಾಹಸ ಬೇಡ. ಕೆಲವು ಬೋರ್ಡುಗಳ ಹಿಂಭಾಗದಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಬರೆಯುವ ಗುಂಡಿ ಇರುತ್ತದೆ. ನಾನು ಬೋರ್ಡು ಆರಿಸುವಾಗ ಬಣ್ಣದ ದೀಪಕ್ಕಿಂತ ಇದನ್ನು ನೋಡುತ್ತೇನೆ. ಕೊನೆಗೊಂದು ದಿನ ಅದೇ ಕಾಪಾಡುವುದು.

ಅಪ್‌ಡೇಟಿಗೆ ಮೊದಲು ಮಾಡಲೇಬೇಕಾದ ಇನ್ನೊಂದು ಕೆಲಸ ಜನರಿಗೆ ಗೊತ್ತಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ, ಹೋಮ್ ಆವೃತ್ತಿಯಲ್ಲೂ ಡಿಸ್ಕ್ ಗೂಢಲಿಪೀಕರಣ ತಾನಾಗಿಯೇ ಚಾಲೂ ಆಗಬಹುದು. ಅದರ ಬೀಗದ ಕೈ ಟಿಪಿಎಂನಲ್ಲಿರುತ್ತದೆ. ಬಯೋಸ್ ಅಪ್‌ಡೇಟ್ ಮಾಡಿದಿರಿ, ಸೆಕ್ಯೂರ್ ಬೂಟ್ ಬದಲಿಸಿದಿರಿ, ಬೋರ್ಡೇ ಬದಲಿಸಿದಿರಿ ಎಂದರೆ ಟಿಪಿಎಂ ಅನುಮಾನಪಟ್ಟು ಕೀಲಿ ಕೊಡುವುದಿಲ್ಲ. ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀಲಿ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆ ಅಂಗಡಿಯವರು ಅವಸರದಲ್ಲಿ ತೆರೆದುಕೊಟ್ಟದ್ದಾಗಿದ್ದರೆ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದಿದ್ದರೆ, ಡೇಟಾ ಮರಳಿ ಪಡೆಯುವ ದಾರಿಯೇ ಇಲ್ಲ. ಈಗಲೇ ಖಾತೆಗೆ ಹೋಗಿ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಶುರುವಾಗಲಾರದೆ ಕುಸಿದಾಗ, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟದ್ದು ನೆನಪಿರಬಹುದು. ಮದ್ದು ಒಂದು ಕಡತ ಅಳಿಸುವುದಷ್ಟೇ ಆಗಿತ್ತು. ಅನೇಕ ಕಡೆ ತಡವಾದದ್ದು ಈ ಕೀಲಿ ಹುಡುಕುವುದರಲ್ಲಿ.

ಆವತ್ತು ಎಲ್ಲರೂ ಹೊಕ್ಕ ದುರಸ್ತಿ ವಿಭಾಗ ನಿಮ್ಮ ವಿಂಡೋಸಿನಲ್ಲೂ ಇದೆ. ಸತತ ಎರಡು ಸಲ ಶುರುವಾಗಲು ಸೋತರೆ ಮುಂದಿನ ಸಲ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ಸ್ಟಾರ್ಟಪ್ ರಿಪೇರ್, ಕೊನೆಯ ಅಪ್‌ಡೇಟ್ ಕಿತ್ತುಹಾಕುವುದು, ಸೇಫ್ ಮೋಡ್, ಕಮಾಂಡ್ ಪ್ರಾಂಪ್ಟ್ ಎಲ್ಲವೂ ಅಲ್ಲಿವೆ. ಫಾರ್ಮ್ಯಾಟ್ ಎಂಬುದು ಈ ಪಟ್ಟಿಯ ಕಟ್ಟಕಡೆಯ ಸಾಲು.

ಲಿನಕ್ಸ್ ಜೊತೆಗಿಟ್ಟುಕೊಂಡವರಿಗೆ ಒಂದು ಮಾತು. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಉಬುಂಟು 'ಮಾಯವಾಯಿತು' ಎಂದರೆ ಬಹಳ ಸಲ ಬೋರ್ಡಿನ ಬೂಟ್ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೆ ಇಳಿದಿರುತ್ತದೆ, ಅಷ್ಟೇ. ಮೇಲಕ್ಕೆ ಎತ್ತಿದರೆ ಮುಗಿಯಿತು.

ಇಷ್ಟೆಲ್ಲ ನೋಡಿಯೂ ದೀಪ ಡಿರ‍್ಯಾಮಿನ ಮೇಲೋ ಸಿಪಿಯು ಮೇಲೋ ನಿಂತೇ ಇದ್ದರೆ, ಅಂಗಡಿಗೆ ಒಯ್ಯುವ ಹೊತ್ತು ಬಂತು. ಅದಕ್ಕೂ ಮುನ್ನ ಕ್ಯಾಬಿನೆಟ್ಟಿನಿಂದ ಬೋರ್ಡನ್ನು ಹೊರತೆಗೆದು ರಟ್ಟಿನ ಡಬ್ಬದ ಮೇಲಿಟ್ಟು, ಕೂಲರ್ ಸಮೇತ ಪ್ರೊಸೆಸರ್, ಒಂದೇ ರ‍್ಯಾಮ್ ಪಟ್ಟಿ, ಎಸ್‌ಎಂಪಿಎಸ್ ಇಷ್ಟರಿಂದ ಒಮ್ಮೆ ಶುರುಮಾಡಿ ನೋಡಿ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡೂ ಬೇಕು. ಕ್ಯಾಬಿನೆಟ್ಟಿನ ತಗಡಿಗೆ ಬೋರ್ಡಿನ ಬೆನ್ನು ತಾಗಿ ಶಾರ್ಟ್ ಆಗುತ್ತಿದ್ದರೆ ಇಲ್ಲಿ ಗೊತ್ತಾಗುತ್ತದೆ. ಬೋರ್ಡು ವಾಪಸ್ ಕೊಡುವುದಾದರೆ ಸಾಕೆಟ್ಟಿನ ಫೋಟೊ ಬೆಳಕಿನಲ್ಲಿ ಹತ್ತಿರದಿಂದ ತೆಗೆದಿಟ್ಟುಕೊಳ್ಳಿ. ಇಂಟೆಲ್‌ನಲ್ಲೂ ಎಎಂ5ನಲ್ಲೂ ಪಿನ್ನುಗಳಿರುವುದು ಬೋರ್ಡಿನಲ್ಲಿ, ಒಂದು ಬಾಗಿದರೂ ವಾರಂಟಿ ತಿರಸ್ಕರಿಸುತ್ತಾರೆ, ಬಾಗಿಸಿದವರು ಯಾರೆಂಬ ಜಗಳಕ್ಕೆ ಸಾಕ್ಷಿ ಇರುವುದಿಲ್ಲ. ಹೊಸ ಬೋರ್ಡಿನ ಸಾಕೆಟ್ಟಿನ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಬಂದಿತ್ತಲ್ಲ, ಪ್ರೊಸೆಸರ್ ಕೂರಿಸುವಾಗ ಹಾರಿಬಂದದ್ದು, ಅದನ್ನು ಎಸೆದಿಲ್ಲ ತಾನೆ? ಹಲವು ತಯಾರಕರು ಅದಿಲ್ಲದೆ ಬೋರ್ಡನ್ನು ವಾರಂಟಿಗೆ ತೆಗೆದುಕೊಳ್ಳುವುದಿಲ್ಲ.